ವಿಜಯಪುರದಿಂದ ಥೀಮ್ ಪಾರ್ಕ್ ಪ್ರವಾಸ: ಅಜ್ಜ-ಅಜ್ಜಿ, ಮೂರು ಮಕ್ಕಳು, ಒಟ್ಟು ಒಂಬತ್ತು ಮಂದಿ. ತ್ರಾಸ ಆಗಲಾರದಂಗ ಹೆಂಗ ಹೋಗೂದು?

ಗುಮ್ಮಟನಾಡು, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಬರೂ ದಸರಾ ಸೂಟಿಯೊಳಗ ಮನಿಮಂದಿ ಕೂಡಿ ಥೀಮ್ ಪಾರ್ಕಿಗೆ ಹೋಗಬೇಕಂತ ಮಾಡೀವಿ. ಅಪ್ಪ (71), ಅವ್ವ (66), ನಾವು ಅಣ್ಣ-ತಮ್ಮ ಇಬ್ಬರು, ಇಬ್ಬರ ಹೆಂಡಂದಿರು, ಮಕ್ಕಳು ಮೂರು: ದೊಡ್ಡಾಂವಗ 12, ನಡುವಿನಕಿಗೆ 8, ಸಣ್ಣಾಂವಗ 3. ಅಪ್ಪಗ ಬಿಪಿ ಅದ. ಅವ್ವಗ ಸಕ್ಕರಿ ಕಾಯಿಲೆ, ಇನ್ಸುಲಿನ್ ತಗೋತಾಳ. ಇಬ್ಬರೂ ನಡೀತಾರ, ಆದರ ಬಿಸಲಾಗ ಭಾಳ ಹೊತ್ತು ನಿಲ್ಲಂಗಿಲ್ಲ.

ಬೆಂಗಳೂರ ಹತ್ತಿರದ ಬಿಡದಿ ವಂಡರ್‌ಲಾ, ಮಹಾರಾಷ್ಟ್ರದ ಖೋಪೋಲಿ ಇಮ್ಯಾಜಿಕಾ, ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ, ಈ ಮೂರರಾಗ ನಮಗ ಯಾವುದು ಸರಿ? ರೈಲಿನ ಟಿಕೆಟ್ ಯಾವಾಗ, ಹೆಂಗ ತಗೀಬೇಕು? ಒಂಬತ್ತೂ ಮಂದಿಗೆ ಫಾಸ್ಟ್‌ಟ್ರ್ಯಾಕ್ (ಉದ್ದನ್ನ ಸರದಿ ತಪ್ಪಿಸೂ ಹೆಚ್ಚಿನ ದರದ ಟಿಕೆಟ್) ಬೇಕೇನು? ಅಪ್ಪ-ಅವ್ವಗ ಅಲ್ಲಿ ಏನರೆ ಇರ್ತದೋ, ಇಲ್ಲಾ ದಿನಾ ಪೂರ್ತಿ ಬೆಂಚಿನ ಮ್ಯಾಲೆ ಕೂಡೂದೇ ಆಗ್ತದೋ? ಬಟ್ಟಿ-ಬರಿ ಏನು ಒಯ್ಯಬೇಕು ಅನ್ನೂದನ್ನೂ ಹೇಳ್ರಿ.

ರೈಲುದಾರಿ, ಬಾಗಲಕೋಟಿ

ದೂರ ಅಷ್ಟ ನೋಡಿದ್ರ ಬೆಂಗಳೂರು ನಿಮಗ ಎಲ್ಲಕ್ಕಿಂತ ದೂರ. ವಿಜಯಪುರದಿಂದ ಬೆಂಗಳೂರಿಗೆ ಸುಮಾರು 530 ಕಿ.ಮೀ., ಸೊಲ್ಲಾಪುರ-ಪುಣೆ ಮ್ಯಾಲೆ ಹಾಯ್ದು ಖೋಪೋಲಿಗೆ ಸುಮಾರು 430, ಹೈದರಾಬಾದಿಗೆ ಅದಕ್ಕಿಂತಲೂ ಕಡಿಮಿ. ಆದರ ನಿಮ್ಮ ಜೋಡಿ 71 ವರ್ಷದವರು ಅದಾರ. ಅವರಿಗೆ ಕಿಲೋಮೀಟರಿಗಿಂತ ರಾತ್ರಿ ಮೈ ಚಾಚಿ ಮಲಗಾಕ ಆಗತೈತೋ ಇಲ್ಲೋ ಅನ್ನೂದು ಮುಖ್ಯ. ಗೋಲಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರದಿಂದ ಬಾಗಲಕೋಟಿ, ಗದಗ, ಹುಬ್ಬಳ್ಳಿ ಮ್ಯಾಲೆ ನೇರ ಬೆಂಗಳೂರಿಗೆ ಹೋಗತೈತಿ, ನಡುವ ಇಳಿದು ಹತ್ತೂ ಕೆಲಸ ಇಲ್ಲ. ಅದಕ್ಕ ಬಿಡದಿ ಅಂತೀನಿ.

ಬಸವ ಎಕ್ಸ್‌ಪ್ರೆಸ್ಸೂ ಬೆಂಗಳೂರಿಗೆ ಹೋಗತೈತಿ ಅಂತ ಆ್ಯಪ್ ತೋರಸ್ತೈತಿ. ಅದು ವಿಜಯಪುರದಿಂದ ಉತ್ತರಕ್ಕ ಸೊಲ್ಲಾಪುರಕ್ಕ ಹೋಗಿ, ಕಲಬುರಗಿ, ರಾಯಚೂರು, ಗುಂತಕಲ್ ಸುತ್ತಿ ಬರತೈತಿ. ಸೀಟು ಖಾಲಿ ಅದಾವ ಅಂತ ಅವಸರ ಮಾಡಿ ಅದರಾಗ ತಗೀಬ್ಯಾಡ್ರಿ.

ಇಮ್ಯಾಜಿಕಾದಾಗ ಥೀಮ್ ಪಾರ್ಕ್ ಬ್ಯಾರೆ, ವಾಟರ್ ಪಾರ್ಕ್ ಬ್ಯಾರೆ, ಟಿಕೆಟ್ಟೂ ಬ್ಯಾರೆ ಬ್ಯಾರೆ. ಎರಡೂ ನೋಡಬೇಕಂದ್ರ ಎರಡು ದಿನ ಬೇಕು. ಜೂನ್‌ದಿಂದ ಸೆಪ್ಟೆಂಬರ್ ಮಟ ಆ ಘಟ್ಟದಾಗ ಮಳಿ ಜಡಿ ಹಿಡಿದಿರತೈತಿ, ಆಗ ಹೋಗಲೇಬಾರ್ದು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ ಬಸ್ಸಿನಾಗ ಕುಂತು ನೋಡೂ ಜಾಗ, ಹಿರಿಯರಿಗೆ ಆರಾಮ. ಆದರ 12 ವರ್ಷದ ಹುಡುಗ ರೋಲರ್ ಕೋಸ್ಟರ್ ಅಂತ ಕನಸು ಕಾಣಾಕತ್ತಿದ್ರ ಅವಗ ಅದು ಸಾಲಂಗಿಲ್ಲ.

ಈಗ ಟಿಕೆಟ್. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದ ಬದ್ಲಿ 60 ದಿನ ಆಗೈತಿ, ಹೊಂಡೂ ದಿನ ಬಿಟ್ಟು ಎಣಿಸಬೇಕು. ಅಕ್ಟೋಬರ್ 10ಕ್ಕ ಹೊಂಡೂದಿದ್ರ ಆಗಸ್ಟ್ 11ಕ್ಕ ಮುಂಜಾನೆ 8 ಗಂಟೆಗೆ ತೆರಿತೈತಿ. 13ಕ್ಕ ತಿರುಗಿ ಬರೂ ಟಿಕೆಟ್ ಆಗಸ್ಟ್ 14ಕ್ಕ. ಹೋಗೂ ಟಿಕೆಟ್ ಸಿಕ್ತು ಅಂತ ಸುಮ್ಮನ ಕುಂತು, ತಿರುಗಿ ಬರೂದನ್ನ ವಾರ ಬಿಟ್ಟು ನೋಡಿದ್ರ ಸೂಟಿ ಟೈಮಿನಾಗ ವೇಟಿಂಗ್ ಲಿಸ್ಟಷ್ಟ ಸಿಗತೈತಿ. ಎರಡೂ ತಾರೀಖು ಈಗ ಕ್ಯಾಲೆಂಡರಿನ ಮ್ಯಾಲೆ ಬರೀರಿ. ಬುಕಿಂಗ್ ತೆರೆದ ಮೊದಲಿನ ಹೊತ್ತು ಆಧಾರ್ ದೃಢೀಕರಣ ಆದ ಖಾತೆಗಳಿಗಷ್ಟ ಮೀಸಲು, ಅದಕ್ಕ ಆ ಕೆಲಸ ಹದಿನೈದು ದಿನ ಮೊದಲ ಮುಗಿಸ್ರಿ.

ಒಂದು ಟಿಕೆಟ್ಟಿನಾಗ ಆರು ಮಂದಿಗಿಂತ ಹೆಚ್ಚು ಹಾಕಾಕ ಬರಂಗಿಲ್ಲ. ನಿಮ್ಮ ಮನಿಗೆ ಇದು ಚೊಲೋನ ಆಗೈತಿ, ಹಿಂಗ ಒಡೀರಿ:

ಮೊದಲನೇ ಟಿಕೆಟ್ಟಿನಾಗ ಅಪ್ಪ-ಅವ್ವ ಇಬ್ಬರ. ಕೋಟಾದಾಗ ‘ಲೋವರ್ ಬರ್ತ್/ಸೀನಿಯರ್ ಸಿಟಿಜನ್’ ಆರಿಸ್ರಿ. ಗಂಡಸರಿಗೆ 60, ಹೆಣಮಕ್ಕಳಿಗೆ 45 ದಾಟಿರಬೇಕು, ಒಬ್ಬರ ಇಲ್ಲಾ ಇಬ್ಬರ ಇದ್ದಾಗ ಮಾತ್ರ ಈ ಕೋಟಾ ಸಿಗತೈತಿ. ಮಕ್ಕಳು-ಮೊಮ್ಮಕ್ಕಳ ಜೋಡಿ ಒಂದ ಟಿಕೆಟ್ಟಿನಾಗ ಸೇರಿಸಿದ್ರ ಅದು ಅನ್ವಯ ಆಗಂಗಿಲ್ಲ. ಭಾಳ ಮಂದಿ ತಪ್ಪೂದು ಇಲ್ಲೇ. ‘ಎಲ್ಲಾರೂ ಕೂಡೇ ಇರೂಣು’ ಅಂತ ಒಂದ್ರಾಗ ಹಾಕ್ತಾರ, ಅಜ್ಜಗ ಮ್ಯಾಲಿನ ಬರ್ತ್ ಬರತೈತಿ.

ಎರಡನೇದ್ರಾಗ ನೀವು ನಾಕು ಮಂದಿ, 12 ವರ್ಷದಾಂವ, 8 ವರ್ಷದಾಕಿ, ಸರಿಯಾಗಿ ಆರು. 12 ತುಂಬಿದವಗ ಪೂರ್ತಿ ದರ. 5ರಿಂದ 12ರ ಒಳಗಿನವರಿಗೆ ಬರ್ತ್ ಬೇಕಂದ್ರ ಪೂರ್ತಿ ದರ, ಬ್ಯಾಡಂದ್ರ ಅರ್ಧ. ರಾತ್ರಿ ಪ್ರಯಾಣಕ್ಕ ಬರ್ತ್ ತಗೋರಿ. 3 ವರ್ಷದವಗ ಬರ್ತ್ ಬ್ಯಾಡಂದ್ರ ಟಿಕೆಟ್ ಬೇಕಾಗಿಲ್ಲ. ಇನ್ನೊಂದು, ಹಿರಿಯ ನಾಗರಿಕರ ದರದ ರಿಯಾಯಿತಿ 2020ರ ಮಾರ್ಚಿನಾಗ ನಿಂತದ್ದು, ಅದನ್ನ ಲೆಕ್ಕದಾಗ ಹಿಡೀಬ್ಯಾಡ್ರಿ.

ಬೆಂಗಳೂರಾಗ ಇಳಿದ ನಿಲ್ದಾಣಕ್ಕ ಹತ್ತೇ ಮೆಟ್ರೋ ಐತಿ, ಅದಕ್ಕೂ ನಮ್ಮ ಸಂಗೊಳ್ಳಿ ರಾಯಣ್ಣನ ಹೆಸರ. ನೇರಳೆ ಮಾರ್ಗದಾಗ ಚಲ್ಲಘಟ್ಟ ಕಡೆ ಹೊಂಟ್ರ ಕೊನೀ ನಿಲ್ದಾಣ ಮೈಸೂರು ರಸ್ತೆದಾಗ, ಕೆಂಗೇರಿ ದಾಟಿ ಬರತೈತಿ. ಅಲ್ಲಿಂದ ಬಿಡದಿಗೆ ಆಟೋ ನಂಬಬ್ಯಾಡ್ರಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇದ ಮುಖ್ಯ ದಾರಿಯೊಳಗ ಆಟೋ, ಬೈಕ್ ಬಿಡಂಗಿಲ್ಲ, ಸರ್ವಿಸ್ ರಸ್ತೆ ಹಿಡಿದು ಹೋಗಬೇಕು. ಒಂಬತ್ತು ಮಂದಿಗೆ 12 ಸೀಟಿನ ಟೆಂಪೋ ಟ್ರಾವೆಲರ್ ಒಂದು ದಿನಕ್ಕ ಹೇಳಿದ್ರ ಎರಡು ಕ್ಯಾಬಿನ ತಾಕಲಾಟ ತಪ್ಪತೈತಿ, ಒಣಾ ಬಟ್ಟಿ ಚೀಲಾನೂ ಅದರಾಗ ಇರ್ತಾವ.

ಆಲಮಟ್ಟಿ ಹಿನ್ನೀರು

ರೈಲಿನ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಪಾರ್ಕಿನ ಒಳಗಿನದ್ದು ಹೇಳುತ್ತೇನೆ.

ಮೊದಲ ಕೆಲಸ: ಮಕ್ಕಳ ಎತ್ತರ ಅಳೆಯಿರಿ. ನೀವು ವಯಸ್ಸು ಬರೆದಿದ್ದೀರಿ, ಎತ್ತರ ಬರೆದಿಲ್ಲ. ರೈಲು ವಯಸ್ಸು ಕೇಳುತ್ತದೆ, ಪಾರ್ಕು ಎತ್ತರ ಕೇಳುತ್ತದೆ. ವಂಡರ್‌ಲಾದಲ್ಲಿ 85 ಸೆಂ.ಮೀ. ಒಳಗಿನ ಮಗುವಿಗೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರ ಟಿಕೆಟ್. ಅಂದರೆ ರೈಲಿನಲ್ಲಿ ಟಿಕೆಟ್ಟೇ ಬೇಕಿಲ್ಲದ ನಿಮ್ಮ ಮೂರು ವರ್ಷದವನಿಗೆ ಇಲ್ಲಿ ಬಹುಪಾಲು ಟಿಕೆಟ್ ಬೇಕಾಗುತ್ತದೆ, ಆ ವಯಸ್ಸಿಗೆ ಮಕ್ಕಳು 85 ದಾಟಿರುತ್ತಾರೆ.

ಅಳೆಯುವ ಕ್ರಮ ಹೀಗೆ: ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ, ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಒತ್ತಿ ಅಡ್ಡ ಇಟ್ಟು ಕೆಳ ಅಂಚಿಗೆ ಪೆನ್ಸಿಲ್ ಗುರುತು. ಜುಟ್ಟು ಬಿಚ್ಚಿಸಿ. ಬೆಳಗ್ಗೆ ಅಳೆದ ಎತ್ತರ ಸಂಜೆ ಸುಮಾರು ಒಂದು ಸೆಂ.ಮೀ. ಇಳಿದಿರುತ್ತದೆ, ಬೆನ್ನೆಲುಬಿನ ನಡುವಿನ ಮೆತ್ತನೆಯ ಬಿಲ್ಲೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ. ಆದ್ದರಿಂದ 139–141ರ ಗಡಿಯಲ್ಲಿರುವ ಮಗುವಿಗೆ ಟಿಕೆಟ್ಟಿನ ಖರ್ಚು ದೊಡ್ಡವರದ್ದೆಂದು ಹಿಡಿಯಿರಿ. ಆದರೆ ದೊಡ್ಡ ಆಟ ಸಿಕ್ಕೇ ಸಿಗುತ್ತದೆಂದು ಮಗುವಿಗೆ ಮಾತು ಕೊಡಬೇಡಿ.

ಪ್ರತಿ ಆಟಕ್ಕೂ ಬೇರೆ ಎತ್ತರದ ಮಿತಿ ಇರುತ್ತದೆ, ಪಾರ್ಕಿನ ವೆಬ್‌ಸೈಟಿನಲ್ಲಿ ಆಟದ ಹೆಸರಿನ ಜೊತೆಗೇ ಬರೆದಿರುತ್ತಾರೆ. ಇದು ಧೈರ್ಯದ ಪ್ರಶ್ನೆಯಲ್ಲ. ಭುಜದ ಮೇಲೆ ಇಳಿಯುವ ಕಂಬಿ ಒಂದು ಅಳತೆಯ ದೇಹಕ್ಕೆ ಮಾಡಿದ್ದು. ಗಿಡ್ಡ ಮಗು ಕುಳಿತರೆ ಕಂಬಿಗೂ ಮೈಗೂ ನಡುವೆ ಸಂದು ಉಳಿಯುತ್ತದೆ, ಆಟದ ಬಂಡಿ ತಲೆಕೆಳಗಾದಾಗ ಜಾರುವುದು ಆ ಸಂದಿಯಿಂದಲೇ. ಎತ್ತರದ ಚಪ್ಪಲಿ ಹಾಕಿಸಿ ದಾಟಿಸುವ ಯೋಚನೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ಮನೆಯಲ್ಲೇ ಕುಳಿತು ಮೂರೂ ಮಕ್ಕಳ ಹೆಸರಿನ ಕೆಳಗೆ ಅವರಿಗೆ ಸಿಗುವ ಆಟಗಳನ್ನು ಬರೆದು ಮಕ್ಕಳಿಗೆ ಓದಿ ಹೇಳಿ. ಪಾರ್ಕಿನಲ್ಲಿ ಆಗುವ ಅಳು ಮುಕ್ಕಾಲು ಪಾಲು ‘ಅಣ್ಣಗೆ ಬಿಟ್ಟರು, ನನಗೆ ಬಿಡಲಿಲ್ಲ’ ಎಂಬುದು. ಮೊದಲೇ ಗೊತ್ತಿದ್ದರೆ ಸರದಿ ಮುಗಿದ ಮೇಲೆ ವಾಪಸ್ ಬರುವ ಅವಮಾನ ಮಗುವಿಗಿಲ್ಲ.

ಎರಡನೆಯದು, ಒಂಬತ್ತು ಮಂದಿ ಒಂದೇ ಗುಂಪಾಗಿ ತಿರುಗಬೇಡಿ. ಒಬ್ಬರು ಶೌಚಾಲಯಕ್ಕೆ ಹೋದರೆ ಎಂಟು ಮಂದಿ ನಿಲ್ಲಬೇಕಾಗುತ್ತದೆ. ದೊಡ್ಡ ಹುಡುಗನ ಜೊತೆ ಇಬ್ಬರು ದೊಡ್ಡವರು ಎತ್ತರದ ಆಟಗಳಿಗೆ. ಎಂಟರವಳ ಜೊತೆ ಒಬ್ಬರು. ಅಜ್ಜ, ಅಜ್ಜಿ, ಚಿಕ್ಕವನ ಜೊತೆ ಒಬ್ಬರು. ಎರಡು ಗಂಟೆಗೊಮ್ಮೆ ದೊಡ್ಡವರು ಜಾಗ ಬದಲಿಸಿಕೊಳ್ಳಲಿ, ಆಗ ಸೊಸೆಯಂದಿರಿಗೂ ಆಟ ಸಿಗುತ್ತದೆ. ಸಾಮಾನ್ಯವಾಗಿ ಯೋಜನೆಯಲ್ಲಿ ಅವರನ್ನೇ ಮರೆಯುತ್ತಾರೆ, ಬ್ಯಾಗು ಕಾಯುವ ಕೆಲಸ ಅವರಿಗೇ ಬೀಳುತ್ತದೆ. ನೀರಿಗಿಳಿದಾಗ ಫೋನ್ ಲಾಕರಿನಲ್ಲಿರುವುದರಿಂದ ಗುಂಪಿಗೊಂದು ನೀರು ತಡೆಯುವ ಕೈಗಡಿಯಾರ ಬೇಕು. ಸೇರುವ ಜಾಗ ಮತ್ತು ಹೊತ್ತು ಬಾಯಿಮಾತಿನಲ್ಲಿ ಬೇಡ, ‘ಮೂರಕ್ಕೆ ಲಾಕರ್ ಮುಂದೆ’ ಎಂದು ಎಲ್ಲರ ಕೈಗೂ ಚೀಟಿ ಕೊಡಿ. ಮಕ್ಕಳ ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ಇಬ್ಬರ ಫೋನ್ ಸಂಖ್ಯೆ ಬರೆಯಿರಿ, ನೀರಿನಲ್ಲಿ ಮಾಸಿದರೆ ಊಟದ ಹೊತ್ತಿಗೆ ಮತ್ತೆ. ಗೇಟಿನಲ್ಲೇ ಪ್ರತಿ ಮಗುವಿನದ್ದೂ ತಲೆಯಿಂದ ಪಾದದವರೆಗಿನ ಫೋಟೋ ತೆಗೆಯಿರಿ. ಮಗು ತಪ್ಪಿಸಿಕೊಂಡರೆ ‘ಯಾವ ಬಣ್ಣದ ಅಂಗಿ’ ಎಂದು ಸಿಬ್ಬಂದಿ ಕೇಳಿದಾಗ ಗಾಬರಿಯಲ್ಲಿ ನೆನಪಾಗುವುದಿಲ್ಲ.

ದಿನ ಯಾವುದು? ನಮ್ಮ ಶಾಲೆಗಳಿಗೆ ದಸರೆ ರಜೆ ಉದ್ದ. ರಜೆಯ ಮೊದಲ ವಾರದ ಮಂಗಳವಾರ, ಬುಧವಾರ ಅಥವಾ ಗುರುವಾರ ನೋಡಿ. ಆಯುಧಪೂಜೆಯಿಂದ ಮುಂದಿನ ನಾಲ್ಕೈದು ದಿನ ಮತ್ತು ಶನಿವಾರ-ಭಾನುವಾರ ಬಿಡಿ. ಡಿಸೆಂಬರ್‌ಗೆ ಮುಂದೂಡೋಣ ಎಂದುಕೊಳ್ಳುವವರು ಗಮನಿಸಿ: ಡಿಸೆಂಬರ್-ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲೇ ಬರುತ್ತವೆ.

ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನ ಕಡೆ ಹೆಚ್ಚು ಮಳೆಯ ತಿಂಗಳುಗಳು, ಅದರಲ್ಲೂ ಮಧ್ಯಾಹ್ನದ ನಂತರ ಗುಡುಗಿನ ಮಳೆ. ಮಿಂಚು ಕಂಡರೆ ಎತ್ತರದ ಆಟ ಮತ್ತು ಕೊಳ ಎರಡನ್ನೂ ನಿಲ್ಲಿಸುತ್ತಾರೆ, ಅದಕ್ಕೆ ಹಣ ವಾಪಸಿಲ್ಲ. ಹಾಗಾಗಿ ದೊಡ್ಡ ಆಟಗಳೆಲ್ಲ ಮಧ್ಯಾಹ್ನದ ಒಳಗೆ ಮುಗಿಯಬೇಕು. ಗೇಟು ತೆರೆಯುವ 30–45 ನಿಮಿಷ ಮೊದಲೇ ಅಲ್ಲಿರಿ. ಒಳಗೆ ಹೋದವರೆಲ್ಲ ಕಣ್ಣಿಗೆ ಬಿದ್ದ ಮೊದಲ ಆಟದ ಮುಂದೆ ನಿಲ್ಲುತ್ತಾರೆ. ನೀವು ನೇರ ರಿಕಾಯ್ಲ್‌ನಂಥ ದೊಡ್ಡ ಆಟಕ್ಕೆ ನಡೆಯಿರಿ. ಊಟ 12:15ಕ್ಕೆ, ಒಂದು ಗಂಟೆಗಲ್ಲ. ಊಟದ ನಂತರ ಮುಕ್ಕಾಲು ಗಂಟೆ ತಿರುಗುವ ಆಟ ಬೇಡ, ಆ ಹೊತ್ತಿಗೆ ಕುಳಿತು ನೋಡುವಂಥದ್ದು ಇಟ್ಟುಕೊಳ್ಳಿ. ನೀರಿನ ಆಟ ಒಣ ಆಟಗಳ ನಂತರ, ಒಂದೇ ಸಲ. ಒದ್ದೆ ಬಟ್ಟೆಯಲ್ಲಿ ಒಣ ಆಟಕ್ಕೆ ಬಿಡುವುದಿಲ್ಲ, ಎರಡೆರಡು ಸಲ ಬಟ್ಟೆ ಬದಲಿಸಿದರೆ ಒಂಬತ್ತು ಮಂದಿಗೆ ಒಂದು ಗಂಟೆಯೇ ಹೋಗುತ್ತದೆ.

ಫಾಸ್ಟ್‌ಟ್ರ್ಯಾಕ್ ಒಂಬತ್ತು ಮಂದಿಗೆ ಖಂಡಿತ ಬೇಡ. ಅಜ್ಜ-ಅಜ್ಜಿಗೆ ಬೇಡ, ಚಿಕ್ಕ ಮಕ್ಕಳ ಆಟದಲ್ಲಿ ಅಷ್ಟು ಸರದಿಯೇ ಇರುವುದಿಲ್ಲ. ವಾರದ ದಿನವಾದರೆ ಯಾರಿಗೂ ಬೇಡ. ರಜಾದಿನವೇ ಅನಿವಾರ್ಯವಾದರೆ ಎತ್ತರದ ಆಟ ಆಡುವ ನಾಲ್ಕೈದು ಮಂದಿಗೆ ಸಾಕು. ಸರದಿಯ ಅಂದಾಜು ನೀವೇ ಮಾಡಬಹುದು: ಆಟದಲ್ಲಿ ಒಮ್ಮೆಗೆ 24 ಮಂದಿ, ಹತ್ತಿ ಇಳಿದು ಮತ್ತೆ ಹೊರಡಲು 4 ನಿಮಿಷ ಎಂದರೆ ಗಂಟೆಗೆ 15 ಸುತ್ತು, 360 ಮಂದಿ. ನಿಮ್ಮ ಮುಂದೆ 180 ತಲೆಗಳಿದ್ದರೆ ಅರ್ಧ ಗಂಟೆ. ಉದ್ದದ ಸರದಿ ಕಂಡು ಹೆದರುವ ಮೊದಲು ಎರಡು ಸುತ್ತು ಗಡಿಯಾರ ನೋಡಿ. ಚಿಕ್ಕ ಸರದಿಯಾದರೂ ಒಮ್ಮೆಗೆ ಎಂಟೇ ಮಂದಿ ಕೂರುವ ಆಟದಲ್ಲಿ ಹೆಚ್ಚು ಹೊತ್ತು ಹಿಡಿಯಬಹುದು.

ಹಿರಿಯರ ವಿಷಯ. ಬಿಪಿ ಇರುವವರು ಬೀಳುವ, ತಲೆಕೆಳಗಾಗುವ, ಜೋರಾಗಿ ತಿರುಗುವ ಆಟಗಳಿಗೆ ಹೋಗಬಾರದು, ‘ಮಾತ್ರೆ ತಗೊಂಡೀನಲ್ಲ’ ಎಂದರೂ. ಎತ್ತರದಿಂದ ನಿಧಾನವಾಗಿ ಸುತ್ತು ನೋಡುವ ಸ್ಕೈ ವೀಲ್, ನೆರಳಿನ ಪ್ರದರ್ಶನಗಳು ಅವರಿಗೆ ಹೊಂದುತ್ತವೆ. ಸಕ್ಕರೆ ಕಾಯಿಲೆಯವರಿಗೆ ಅಲ್ಲಿ ಆಗುವ ತೊಂದರೆ ಸಕ್ಕರೆ ಏರುವುದಕ್ಕಿಂತ ಇಳಿಯುವುದು: ಇನ್ಸುಲಿನ್ ತೆಗೆದುಕೊಂಡಾಗಿದೆ, ನಡಿಗೆ ಹೆಚ್ಚಾಗಿದೆ, ಊಟ ತಡವಾಗಿದೆ. ಬೆವರು, ಕೈನಡುಕ, ಗಲಿಬಿಲಿ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕೊಡಿ, ಹದಿನೈದು ನಿಮಿಷ ನೋಡಿ, ಸರಿಯಾಗದಿದ್ದರೆ ಮತ್ತೊಮ್ಮೆ, ಆಮೇಲೆ ಊಟ. ಆ ದಿನದ ಇನ್ಸುಲಿನ್ ಪ್ರಮಾಣವನ್ನು ಊರಲ್ಲೇ ವೈದ್ಯರ ಹತ್ತಿರ ಕೇಳಿಕೊಂಡು ಬನ್ನಿ. ಇನ್ಸುಲಿನ್ನನ್ನು ಬಿಸಿಲಲ್ಲಿ ನಿಂತ ಟೆಂಪೋದಲ್ಲಿ ಬಿಡಬೇಡಿ, ಬಿಸಿಗೆ ಅದರ ಶಕ್ತಿ ಕುಂದುತ್ತದೆ. ಔಷಧಿಯ ಜೊತೆ ವೈದ್ಯರ ಚೀಟಿ ಇರಲಿ.

ಕುಂದಾನಗರಿ, ಬೆಳಗಾವಿ

ಬಟ್ಟಿ ಬಗ್ಗೆ ನಾ ಹೇಳ್ತೀನ್ರಿ, ಯಾಕಂದ್ರ ಗೇಟಿನಾಗ ಹೆಚ್ಚು ಜಗಳ ಆಗೂದು ಇದಕ್ಕ. ನೀರಿನ ಆಟಕ್ಕ ನೈಲಾನ್ ಇಲ್ಲಾ ಲೈಕ್ರಾ ಬಟ್ಟಿನ ಬೇಕು. ಹತ್ತಿ ಬನಿಯನ್, ಚೂಡಿದಾರ್, ಸೀರಿ, ಜೀನ್ಸ್ ನಡ್ಯಂಗಿಲ್ಲ. ಹತ್ತಿ ನೀರು ಕುಡದು ಭಾರ ಆಗತೈತಿ, ಅದರ ಎಳಿ ಬಿಚ್ಚಿ ಕೊಳದ ಫಿಲ್ಟರಿಗೆ ಸಿಗ್ತಾವ. ಸೆರಗು, ದುಪಟ್ಟಾ ಜಾರುಬಂಡಿಯೊಳಗ ಸುತ್ತಿಕೊಂಡ್ರ ಕುತ್ತಿಗಿಗೇ ಅಪಾಯ. ಜಿಪ್ಪು, ಲೋಹದ ಗುಂಡಿ ಇದ್ದದ್ದೂ ಬ್ಯಾಡ, ಫೈಬರ್ ಜಾರುಬಂಡಿ ಕೆರಿತೈತಿ ಅಂತ ತಿರುಗಿ ಕಳಸ್ತಾರ.

ಹೆಣಮಕ್ಕಳು ಮೈ ತುಂಬ ಮುಚ್ಚೂ ನೈಲಾನ್ ಅಂಗಿ-ಲೆಗ್ಗಿಂಗ್ ಸೆಟ್ ತಗೋಬಹುದು. ಊರಾಗಿನ ಸ್ಪೋರ್ಟ್ಸ್ ಅಂಗಡಿಯೊಳಗ ಅಳತಿ ನೋಡಿ ತಂದ್ರ, ಅಲ್ಲಿ ಅವಸರದಾಗ ಬಾಡಿಗಿಗೆ ಹುಡುಕೂದು ತಪ್ಪತೈತಿ. ತೆಳು ಬಣ್ಣ ಒದ್ದಿ ಆದ್ರ ಪಾರದರ್ಶಕ ಆಗತೈತಿ, ಕಪ್ಪು ಇಲ್ಲಾ ಗಾಢ ನೀಲಿ ಆರಸ್ರಿ. ಮನ್ಯಾಗ ಒಮ್ಮೆ ಹಾಕಿ, ಕುಂತು, ಬಗ್ಗಿ ನೋಡ್ರಿ.

ಬಂಗಾರ ಮನ್ಯಾಗ ಬಿಟ್ಟು ಹೋಗ್ರಿ. ಕೈಯಾಗಿನ ಗಾಜಿನ ಬಳೆ ಜಾರುಬಂಡಿಯೊಳಗ ಒಡದ್ರ ನಿಮ್ಮ ಕೈಗಷ್ಟ ಅಲ್ಲ, ಹಿಂದ ಬರಿಮೈಲೆ ಜಾರಿ ಬರೂ ಹುಡುಗರಿಗೂ ಗಾಯ. ಕಾಲ್ಗೆಜ್ಜಿ, ಬೆಂಡೋಲಿನೂ ತಗೀರಿ. ಮಾಂಗಲ್ಯ ತಗಿಯಾಕ ಮನಸಿಲ್ಲಂದ್ರ ಕುತ್ತಿಗಿಗೆ ಹತ್ತಿ ಕೂಡೂ ಗಿಡ್ಡ ಕರಿಮಣಿ ಸರ ಒಂದ ಇರಲಿ, ಅದನ್ನೂ ಬಟ್ಟಿ ಒಳಗ ಸೇರಸ್ರಿ. ಕನ್ನಡಕಕ್ಕ ಹಿಂದಿನಿಂದ ಇಲಾಸ್ಟಿಕ್ ಹುರಿ ಕಟ್ರಿ.

ಒಬ್ಬೊಬ್ಬರದು ಒಂದೊಂದು ಕ್ಯಾರಿಬ್ಯಾಗಿನಾಗ ಇಡ್ರಿ: ಒಂದು ಜೋಡಿ ಒಣಾ ಬಟ್ಟಿ, ಒಳಉಡುಪು, ತೆಳು ಟವಲ್. ಒಳಉಡುಪು ಮರೆಯೂದು ಎಲ್ಲಾ ಮನ್ಯಾಗೂ ಆಗತೈತಿ, ಅದಕ್ಕ ಅದನ್ನ ಮ್ಯಾಲೆ ಇಡ್ರಿ. ಲಾಕರ್ ಗುಂಪಿಗೊಂದರಂತೆ ತಗೋರಿ, ಎಲ್ಲಾರಿಗೂ ಕೂಡಿ ದೊಡ್ಡದೊಂದು ತಗೊಂಡ್ರ ಕೀಲಿ ಯಾರ ಕೈಯಾಗೈತೋ ಅವರನ್ನ ಹುಡುಕೂದ ಆಗತೈತಿ. ಫೋನಿನ ಪ್ಲಾಸ್ಟಿಕ್ ಪೌಚ್ ಒಯ್ಯೂದಿದ್ರ, ಒಳಗ ಟಿಶ್ಯೂ ಕಾಗದ ಇಟ್ಟು ಅರ್ಧ ತಾಸು ಬಕೆಟ್ಟಿನಾಗ ಮುಳುಗಿಸಿ ಪರೀಕ್ಷೆ ಮಾಡ್ರಿ. ಕಾಗದ ತೊಯ್ದಿದ್ರ ಅದು ಬ್ಯಾಡ.

ನೀರಿಗೆ ಇಳಿಯೂ ಮೊದಲ ಶವರಿನ ಒಳ್ಳೇ ನೀರಿನಾಗ ತಲಿ ಪೂರ್ತಿ ತೋಯಿಸ್ರಿ. ಒಣಾ ಕೂದಲು ಕ್ಲೋರಿನ್ ನೀರು ಹೆಚ್ಚು ಹೀರತೈತಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕ ಕಡಿಮಿ ಬ್ಯಾಡ. ಬಿಸಲಿಗೆ ಹೋಗೂ ಹದಿನೈದು ನಿಮಿಷ ಮೊದಲ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತ ನೀರಿನಿಂದ ಎದ್ದಾಗೆಲ್ಲ ಮತ್ತೊಮ್ಮೆ.

ಓಆರ್‌ಎಸ್ ಒಯ್ರಿ, ಆದರ ಪ್ಯಾಕೆಟ್ ಓದ್ರಿ. 20.5 ಗ್ರಾಮಿನ ದೊಡ್ಡ ಪುಡಿ ಒಂದು ಲೀಟರ್ ನೀರಿಗೆ. ಅದನ್ನ ಅರ್ಧ ಲೀಟರ್ ಬಾಟಲಿಗೆ ಸುರಿದ್ರ ಉಪ್ಪಿನ ಅಂಶ ಇಮ್ಮಡಿ ಆಗಿ ಸಣ್ಣ ಹುಡುಗರಿಗೆ ಅಪಾಯ. ಹೊರಗಿನ ಊಟ ಒಳಗ ಬಿಡಂಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ರೈಲಿಗೂ ಮರುದಿನಕ್ಕೂ ಇರಲಿ, ಗೇಟಿನ ತನಕ ಒಯ್ಯಬ್ಯಾಡ್ರಿ. ಪಾರ್ಕಿನ ದಿನ ಮುಂಜಾನೆ ಅವಲಕ್ಕಿ, ಉಪ್ಪಿಟ್ಟಿನಂಥಾ ಹಗುರಾದ್ದು, ಆಟಕ್ಕ ಒಂದೂವರಿ ತಾಸು ಮೊದಲ. ಮಿರ್ಚಿ ಭಜಿ ಅವತ್ತ ಬ್ಯಾಡ.

ಬೆಳಗಾವಿ ಕಡೆಯಿಂದ ಓದಾಕತ್ತವರಿಗೆ: ರಾಣಿ ಚೆನ್ನಮ್ಮ ರಾತ್ರಿ ರೈಲು ಇದ್ದದ್ದ. 2025ರ ಆಗಸ್ಟ್ 10ಕ್ಕ ಶುರುವಾದ ವಂದೇ ಭಾರತ್ ಮುಂಜಾನೆ ಬಿಟ್ಟು ಮಧ್ಯಾಹ್ನ ಬೆಂಗಳೂರು ಮುಟ್ಟತೈತಿ. ಹಿರಿಯರು ಜೋಡಿ ಇದ್ರ ಅದ ಚೊಲೋ, ಆ ರಾತ್ರಿ ಪೂರ್ತಿ ನಿದ್ದಿ ಸಿಗತೈತಿ.

ಗುಮ್ಮಟನಾಡು, ವಿಜಯಪುರ

ಭಾಳ ಉಪಕಾರ ಆತ್ರಿ. ಇವತ್ತ ಅಳದೆ: ದೊಡ್ಡಾಂವ 148, ನಡುವಿನಾಕಿ 126, ಸಣ್ಣಾಂವ 92 ಸೆಂ.ಮೀ. ಅಂದ್ರ ದೊಡ್ಡವರ ಟಿಕೆಟ್ ಐದು, ಹಿರಿಯರದು ಎರಡು, ಮಕ್ಕಳದು ಎರಡು. ಯೋಜನೆ ಹಿಂಗ ಅದ: ಸಂಜಿ ಗೋಲಗುಂಬಜ್ ಹತ್ತೂದು, ಮುಂಜಾನಿ ಇಳಿದು ಚಲ್ಲಘಟ್ಟದಿಂದ ನೇರ ಪಾರ್ಕಿಗೆ, ಮುಗಿಸಿಕೊಂಡು ಅವತ್ತ ರಾತ್ರಿ ತಿರುಗಿ ಹೊಂಡೂದು. ಹೊಟೇಲ್ ಖರ್ಚು ಉಳಿತದ. ನಡೀತದೇನ್ರಿ?

ರೈಲುದಾರಿ, ಬಾಗಲಕೋಟಿ

ನಡ್ಯಂಗಿಲ್ರಿ. ತಿರುಗಿ ಬರೂ ಗೋಲಗುಂಬಜ್ ಸಂಜಿ ಹೊತ್ತಿಗೇ ಬೆಂಗಳೂರು ಬಿಡತೈತಿ. ಪಾರ್ಕ್ ಪೂರ್ತಿ ನೋಡಿ, ಬಟ್ಟಿ ಬದಲಿಸಿ, ಸಂಜಿ ಮೈಸೂರು ರಸ್ತೆ ಗದ್ದಲದಾಗ ಮೆಜೆಸ್ಟಿಕ್ ಮುಟ್ಟೂದ್ರಾಗ ಅದು ಹೋಗಿರತೈತಿ. ಹಿಡೀಬೇಕಂದ್ರ ಮಧ್ಯಾಹ್ನಕ್ಕೇ ಪಾರ್ಕ್ ಬಿಡಬೇಕು, ನೀರಿನ ಆಟ ಅಲ್ಲಿಗೆ ಮುಗೀತು. ಮ್ಯಾಲೆ ರಾತ್ರಿ ಪ್ರಯಾಣದ ನಿದ್ದಿಗೆಟ್ಟ ಮೈಯಾಗ ಬಿಪಿ ಇದ್ದವರನ್ನ ದಿನಾ ಪೂರ್ತಿ ಬಿಸಲಾಗ ತಿರುಗಿಸೂದು ಬ್ಯಾಡ.

ಎರಡು ರಾತ್ರಿ ವಸ್ತಿ ಹಿಡೀರಿ, ಕೆಂಗೇರಿ ಇಲ್ಲಾ ಬಿಡದಿ ಕಡೆ, ಮೆಜೆಸ್ಟಿಕ್ಕಿನಾಗ ಅಲ್ಲ. ಇಳಿದ ದಿನ ವಿಶ್ರಾಂತಿ, ಎರಡನೇ ದಿನ ಪಾರ್ಕ್, ಮೂರನೇ ದಿನ ಸಂಜಿ ರೈಲು. ಹೊಟೇಲಿನವರಿಗೆ ಎರಡು ಮಾತು ಫೋನಿನಾಗ ಕೇಳ್ರಿ: ಸಾಮಾನ್ಯ ಚೆಕ್-ಇನ್ ಮಧ್ಯಾಹ್ನ ಇರತೈತಿ, ನೀವು ಮುಂಜಾನೆ ಮುಟ್ಟಿದ್ರ ಒಂದು ಖೋಲಿಯಾದ್ರೂ ಮೊದಲ ಕೊಡ್ತಾರೇನು; ಕೊನೀ ದಿನ ಖೋಲಿ ಬಿಟ್ಟ ಮ್ಯಾಲೆ ಚೀಲ ಇಟ್ಟುಕೋತಾರೇನು.

ಆಲಮಟ್ಟಿ ಹಿನ್ನೀರು

ಕೋಣೆಯಲ್ಲಿ ಫ್ರಿಜ್ ಇದೆಯೇ ಎಂಬುದನ್ನೂ ಅದೇ ಫೋನಿನಲ್ಲಿ ಕೇಳಿ, ಇನ್ಸುಲಿನ್ನಿಗೆ ಬೇಕು. ಫ್ರೀಜರ್ ಭಾಗದಲ್ಲಿ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಾಗಿಲಿನ ಕಪಾಟಿನಲ್ಲಿಡಿ. ಪಾರ್ಕಿನ ಟಿಕೆಟ್ಟನ್ನು ಹೋಗುವ, ಬರುವ ರೈಲಿನ ಟಿಕೆಟ್ಟುಗಳೆಲ್ಲ ಖಚಿತವಾದ ಮೇಲೆಯೇ ತೆಗೆಯಿರಿ. ತೆಗೆಯುವಾಗ ದಿನಾಂಕ ಬದಲಿಸುವ ನಿಯಮ ಓದಿ. ಹಿರಿಯರ ಟಿಕೆಟ್ಟಿಗೆ ಗೇಟಿನಲ್ಲಿ ವಯಸ್ಸಿನ ಗುರುತಿನ ಚೀಟಿ ತೋರಿಸಬೇಕು, ಇಬ್ಬರದೂ ಆಧಾರ್ ಮೂಲಪ್ರತಿ ಔಷಧಿ ಚೀಲದಲ್ಲೇ ಇರಲಿ.